ಬಾವುಟ ಹಿಡಿದವರು ಎಲ್ಲಿ ನಿಲ್ಲಬೇಕು

ಕೇಳುಗರಿಗೆ ನಮಸ್ಕಾರ.

ಮಳೆ ಬಿಟ್ಟು ಪುತ್ತರಿ ಹಬ್ಬ ಹತ್ತಿರವಾಗುವ ಹೊತ್ತಿಗೆ ಕೊಡಗಿನ ರಸ್ತೆಗಳ ಮೇಲೆ ಎರಡು ಕೆಲಸ ಒಟ್ಟಿಗೇ ಬಂದು ಬೀಳುತ್ತವೆ. ಮುಂಗಾರು ಕಿತ್ತುಹಾಕಿದ ಗುಂಡಿ, ಮೋರಿ, ಜರಿದ ಬರೆಗಳ, ಅಂದರೆ ರಸ್ತೆ ಬದಿಯ ಮಣ್ಣಿನ ಗೋಡೆಗಳ, ರಿಪೇರಿ ಒಂದು. ಅರೇಬಿಕಾ ಕೊಯ್ಲು ಇನ್ನೊಂದು. ಆಳುಗಳ ಜೀಪು, ಚೀಲ ಹೇರಿದ ಪಿಕಪ್ಪು, ಸಿಲ್ವರ್ ಓಕ್ ನಾಟಾ ತುಂಬಿದ ಲಾರಿ, ಇವುಗಳ ಸಂದಿಯಲ್ಲೇ ಜೆಸಿಬಿ, ಹಿಟಾಚಿ, ರೋಲರ್ ಓಡಾಡಬೇಕು. ನಡುವೆ ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಒಬ್ಬ ಹುಡುಗ ನಿಂತಿರುತ್ತಾನೆ. ಇವತ್ತಿನ ಮಾತು ಅವನ ಕೆಲಸದ್ದು.

ಅದು ಒಂದು ಕೆಲಸವಲ್ಲ, ಎರಡು. ಬರುವ ಗಾಡಿಗಳನ್ನು ನಿಲ್ಲಿಸಿ ಬಿಡುವುದು ಒಂದಾದರೆ, ಯಂತ್ರಗಳಿಗೆ ದಾರಿ ತೋರಿಸುವುದು ಮತ್ತೊಂದು. ಮೊದಲನೆಯದಕ್ಕೆ ಮುಖ ರಸ್ತೆಯ ಕಡೆ ಇರಬೇಕು, ಎರಡನೆಯದಕ್ಕೆ ಯಂತ್ರದ ಕಡೆ. ಎರಡನ್ನೂ ಒಬ್ಬನಿಗೇ ಹೊರಿಸಿದರೆ ಅವನ ಬೆನ್ನು ಯಾವಾಗಲೂ ಒಂದು ಅಪಾಯದ ಕಡೆಗೆ ತಿರುಗಿಯೇ ಇರುತ್ತದೆ. ಅರ್ಧ ರಸ್ತೆ ಮುಚ್ಚಿ ಮಾಡುವ ಯಾವುದೇ ಕೆಲಸಕ್ಕೆ ಎರಡು ತುದಿಗೆ ಇಬ್ಬರು, ಯಂತ್ರಕ್ಕೊಬ್ಬ, ಹೀಗೆ ಮೂವರು ಬೇಕೇ ಬೇಕು. ಎರಡು ಯಂತ್ರ ಇದ್ದರೆ ನಾಲ್ವರು. ಇಲ್ಲಿ ಕೂಲಿ ಉಳಿಸುವುದು ನನ್ನ ಲೆಕ್ಕದಲ್ಲಿ ಉಳಿತಾಯವಲ್ಲ.

ಮೊದಲು ರಸ್ತೆಯ ತುದಿಯಲ್ಲಿ ನಿಲ್ಲುವವನನ್ನು ನೋಡೋಣ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಚಾಲಕ ಬಾವುಟ ಕಂಡು, ಅದು ಏನೆಂದು ತಿಳಿದು, ಕಾಲನ್ನು ಬ್ರೇಕಿಗೆ ಇಡುವಷ್ಟರಲ್ಲಿ ಎರಡೂವರೆ ಸೆಕೆಂಡು ಹೋಯಿತು ಎಂದು ರಸ್ತೆ ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಅಲ್ಲಿಗೇ 28 ಮೀಟರ್ ಮುಗಿಯಿತು. ಬ್ರೇಕ್ ಹಿಡಿದು ನಿಲ್ಲಲು ಮತ್ತೆ 17. ಒಟ್ಟು 45 ಮೀಟರ್, ಅದೂ ಸಮತಟ್ಟು ರಸ್ತೆಯಲ್ಲಿ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಲೋಡ್ ಲಾರಿಗೆ ಇಷ್ಟು ಸಾಲದು.

ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಾವುಟದವನ ಮುಂದೆ ಹತ್ತು ಗಾಡಿ ನಿಂತರೆ, ಅದರಲ್ಲಿ ಒಂದು ಬಸ್ಸು ಇದ್ದರೆ, ಸಾಲು ಹತ್ತಿರ ಹತ್ತಿರ 80 ಮೀಟರ್ ಆಗುತ್ತದೆ. ಹನ್ನೊಂದನೆಯ ಗಾಡಿಯವನಿಗೆ ಬಾವುಟ ಕಾಣಬೇಕಿಲ್ಲ, ಸಾಲಿನ ಬಾಲ ಕಾಣಬೇಕು. ಆ ಬಾಲ ತಿರುವಿನ ಆಚೆಗೆ ಬೆಳೆದಿದ್ದರೆ ಅವನು ಬಂದು ಹೊಡೆಯುವುದು ನಿಂತ ಜೀಪಿನ ಹಿಂಬದಿಗೆ. ಆದ್ದರಿಂದ ‘ರಸ್ತೆ ಕಾಮಗಾರಿ’ ಬೋರ್ಡಿನ ದೂರವನ್ನು ಗುಂಡಿಯಿಂದ ಅಳೆಯಬೇಡಿ, ಸಾಲಿನ ಬಾಲದಿಂದ ಅಳೆಯಿರಿ. ನಮ್ಮ ಘಾಟಿಯಲ್ಲಿ ಇದರ ಅರ್ಥ ಬಹಳ ಸಲ ಒಂದೇ: ಬೋರ್ಡನ್ನು ತಿರುವಿನ ಈಚೆಗಲ್ಲ, ಆಚೆಗೆ ಇಡಬೇಕು. ಸಾಲು ಅಲ್ಲಿಗೂ ಬೆಳೆದರೆ ಬೋರ್ಡನ್ನೂ ಹಿಂದಕ್ಕೆ ಹೊತ್ತೊಯ್ಯಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್‌ಪಿ 55 ಮಾರ್ಗಸೂಚಿ ಕೆಲಸದ ಜಾಗವನ್ನು ಎಚ್ಚರಿಸುವ ಭಾಗ, ದಾರಿ ಸರಿಯುವ ಭಾಗ, ಕೆಲಸದ ಭಾಗ, ಮುಗಿಯುವ ಭಾಗ ಎಂದು ನಾಲ್ಕಾಗಿ ಬಿಡಿಸುತ್ತದೆ. ನಮ್ಮಲ್ಲಿ ಮೂರನೆಯದು ಮಾತ್ರ ಕಾಣುತ್ತದೆ. ಉಳಿದದ್ದಕ್ಕೆ ನಾಲ್ಕು ಕಲ್ಲು, ಒಂದು ಮರದ ಕೊಂಬೆ. ಕೆಲಸ ಮುಗಿದ ಮೇಲೂ ಆ ಕಲ್ಲು ಅಲ್ಲೇ ಉಳಿದು ರಾತ್ರಿ ಬೈಕಿನವನಿಗೆ ಸಿಗುತ್ತದೆ. ಕೋನ್ ಇಡಿ, 15ರಿಂದ 30 ಮೀಟರ್ ಉದ್ದಕ್ಕೆ ಓರೆಯಾಗಿ.

ಬಾವುಟದವನು ಗಾಡಿ ಬರುವ ಲೇನಿನಲ್ಲಿ ನಿಲ್ಲಬಾರದು, ರಸ್ತೆಯ ಅಂಚಿನಲ್ಲಿ ನಿಲ್ಲಬೇಕು. ನಿಂತ ಕೂಡಲೇ, ಬ್ರೇಕ್ ಹಿಡಿಯದ ಗಾಡಿ ಬಂದರೆ ತಾನು ಯಾವ ಕಡೆ ಹಾರುತ್ತೇನೆ ಎಂದು ನೋಡಿಟ್ಟುಕೊಳ್ಳಬೇಕು. ಬೆನ್ನಿಗೆ ಬರೆ, ಕಾಲಡಿಗೆ ಎರಡಡಿ ಚರಂಡಿ ಇದ್ದರೆ ಅದು ನಿಲ್ಲುವ ಜಾಗವಲ್ಲ. ನೆರಳಿನಲ್ಲೂ ನಿಲ್ಲಬೇಡಿ: ತೋಟದ ಮರಗಳ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಬರುವ ಚಾಲಕನ ಕಣ್ಣಿಗೆ ಅಲ್ಲಿ ನಿಂತ ಮನುಷ್ಯ ಮರದ ಬೊಡ್ಡೆಯಂತೆಯೇ.

ಬಾವುಟ ಎರಡಡಿ ಚೌಕದ್ದಿರಲಿ, ಕೋಲು ಸುಮಾರು ಒಂದು ಮೀಟರ್. ಆದರೆ ನಮ್ಮ ಹವೆಯಲ್ಲಿ ಬಟ್ಟೆಯನ್ನು ನಾನು ಹೆಚ್ಚು ನಂಬುವುದಿಲ್ಲ. ಜಡಿ ಮಳೆಗೋ ಮಂಜಿಗೋ ನೆನೆದ ಬಟ್ಟೆ ಕೋಲಿಗೆ ಸುತ್ತಿಕೊಂಡು ಬೆರಳಗಲ ಆಗುತ್ತದೆ. ದೂರದಿಂದ ಅದು ಒದ್ದೆ ಟವೆಲ್ಲು. ಒಂದು ಮುಖ ‘ನಿಲ್ಲಿ’, ಇನ್ನೊಂದು ಮುಖ ‘ಹೋಗಿ’ ಎಂದಿರುವ, ಬೆಳಕು ಬಿದ್ದರೆ ಹೊಳೆಯುವ ಹಲಗೆಯೇ ಲೇಸು. ಇನ್ನೊಂದು ತಪ್ಪು ದಿನವೂ ಕಾಣುತ್ತದೆ: ಹೊಳೆಯುವ ಜಾಕೆಟ್ ತೊಟ್ಟು, ಅದರ ಮೇಲೆ ಕಪ್ಪು ರೇನ್‌ಕೋಟು. ಜಾಕೆಟ್ ಯಾವಾಗಲೂ ಹೊರಗಡೆ ಇರಬೇಕು. ಕೊಡೆಯಂತೂ ಬೇಡವೇ ಬೇಡ. ಒಂದು ಕೈ ಹೋಯಿತು, ಅರ್ಧ ನೋಟವೂ ಹೋಯಿತು. ಮಂಜು ಕವಿದು 45 ಮೀಟರ್ ಆಚೆಗಿನದು ಕಾಣದಿದ್ದರೆ ಕೆಲಸ ನಿಲ್ಲಿಸಿ.

ಎರಡು ತುದಿಯವರಿಗೆ ಒಬ್ಬರಿಗೊಬ್ಬರು ಕಾಣದಿದ್ದರೆ ವಾಕಿಟಾಕಿ ಬೇಕು. ಮಾಕುಟ್ಟದ ಕಾಡಿನಲ್ಲಿ ಮೊಬೈಲನ್ನು ನಂಬಿ ಗಾಡಿ ಬಿಡಬೇಡಿ. ವಾಕಿಟಾಕಿಗೂ ಗುಡ್ಡ ಅಡ್ಡ ಬಂದರೆ ತಿರುವಿನ ಮೂಲೆಯಲ್ಲಿ ಮಧ್ಯಸ್ಥನಾಗಿ ಇನ್ನೊಬ್ಬನನ್ನು ನಿಲ್ಲಿಸಿ. ಇಲ್ಲಿ ನಮ್ಮ ಭಾಷೆಯದೇ ಒಂದು ಗುಂಡಿ ಇದೆ. ‘ಬಿಡು’ ಮತ್ತು ‘ಬಿಡಬೇಡ’. ಕರಕರ ಸದ್ದಿನಲ್ಲಿ ಎರಡನೆಯದರ ಬಾಲ ಕತ್ತರಿಸಿಹೋದರೆ ಉಳಿಯುವುದು ಬರೀ ‘ಬಿಡ’. ಅದಕ್ಕೇ ‘ಬಿಡಬೇಡ’ ಎಂಬ ಮಾತನ್ನೇ ಬಳಸಬಾರದು. ‘ನಿಲ್ಲಿಸು’ ಅಥವಾ ‘ಬಿಡು’, ಎರಡೇ ಮಾತು. ಕೇಳಿದವನು ಅದನ್ನೇ ತಿರುಗಿ ಹೇಳಬೇಕು. ‘ಕೊನೆಯದು ಬಿಳಿ ಪಿಕಪ್ಪು’ ಎಂದು ಈಚೆಯವನು ಹೇಳಿ, ‘ಬಿಳಿ ಪಿಕಪ್ಪು ದಾಟಿತು’ ಎಂದು ಆಚೆಯವನು ಹೇಳಿದ ಮೇಲೆಯೇ ಎದುರಿನ ಸಾಲು ಅಲುಗಾಡಬೇಕು.

ಕೊನೆಯ ಗಾಡಿಯವನ ಕೈಗೆ ಒಂದು ಕೋಲು ಕೊಟ್ಟು ಕಳಿಸುವ ಹಳೆಯ ಪದ್ಧತಿಯೂ ಇದೆ. ಕೋಲು ಆಚೆ ತುದಿ ಮುಟ್ಟಿದರೆ ದಾರಿ ಖಾಲಿ ಎಂದರ್ಥ. ಆದರೆ ಕೋಲು ಹಿಡಿದ ಕಾರಿನ ಹಿಂದೆ ಬೈಕಿನವನೊಬ್ಬ ನುಸುಳಿದರೆ ಲೆಕ್ಕ ತಪ್ಪಿತು. ಕೋಲನ್ನು ನಮ್ಮದೇ ಆಳಿನ ಬೈಕಿಗೆ ಕೊಟ್ಟು, ಅವನು ಎಲ್ಲರ ಹಿಂದೆ ಹೋಗಿ ಬರುವಂತೆ ಮಾಡಿದರೆ ಸರಿಹೋಗುತ್ತದೆ. ಆಂಬುಲೆನ್ಸ್ ಬಂದರೆ ಮೊದಲು ಎದುರಿನ ತುದಿಗೆ ಸುದ್ದಿ, ಆಮೇಲೆ ಯಂತ್ರದ ಬಕೆಟ್ ನೆಲಕ್ಕೆ, ಆಮೇಲೆ ದಾರಿ. ಈ ಕ್ರಮ ತಿರುವುಮುರುವಾಗಬಾರದು.

ಇನ್ನು ಯಂತ್ರದ ಕಡೆಯವನು. 20 ಟನ್ನಿನ ಹಿಟಾಚಿಯನ್ನೇ ತೆಗೆದುಕೊಳ್ಳಿ. ಚಕ್ರದ ಬದಲಿಗಿರುವ ಕಬ್ಬಿಣದ ಪಟ್ಟಿಗಳ ಹೊರ ಅಂಚಿನಿಂದ ಅಂಚಿಗೆ ಅಗಲ ಸುಮಾರು 2.8 ಮೀಟರ್. ಮೈ ತಿರುಗಿಸಿದಾಗ ಹಿಂದಿನ ಭಾರದ ಕಬ್ಬಿಣ ಪಟ್ಟಿಯಿಂದ ಆಚೆಗೆ ಇನ್ನೂ 1.3 ಮೀಟರ್ ಚಾಚುತ್ತದೆ, ನಾಲ್ಕಡಿಗೂ ಹೆಚ್ಚು. ಐದೂವರೆ ಮೀಟರ್ ರಸ್ತೆಯ ಒಂದು ಅಂಚಿಗೆ ಒತ್ತಿ ನಿಂತರೂ, ತಿರುಗುವಾಗ ಉಳಿಯುವುದು 1.4 ಮೀಟರ್ ಮಾತ್ರ. ಬಸ್ಸಿನ ಅಗಲವೇ ಎರಡೂವರೆ ಮೀಟರ್. ಅಂದರೆ ‘ಅರ್ಧ ರಸ್ತೆ ಬಿಟ್ಟಿದ್ದೇವೆ’ ಎಂಬ ಮಾತು ಯಂತ್ರ ನಿಂತಿರುವಾಗ ಮಾತ್ರ ನಿಜ. ಬಕೆಟ್ ತಿರುಗುವಾಗ ಎರಡೂ ತುದಿ ಮುಚ್ಚಿರಬೇಕು. ಆ ಭಾರದ ಕಬ್ಬಿಣಕ್ಕೂ ಬರೆಗೂ ನಡುವಿನ ಸಂದಿಯಲ್ಲಿ ಯಾರೂ ನಿಲ್ಲಕೂಡದು. ಆಪರೇಟರ್ ಕೂರುವುದು ಎಡಗಡೆ. ಬಲಮಗ್ಗುಲು ಬೂಮಿನ, ಅಂದರೆ ಬಕೆಟ್ ಹೊತ್ತ ತೋಳಿನ, ಮರೆ, ಹಿಂದೆ ಎಂಜಿನ್ನಿನ ಮರೆ. ಅವನಿಗೆ ನಿಮ್ಮ ಮುಖ ಕಾಣುತ್ತಿಲ್ಲ ಎಂದರೆ ಅವನ ಪಾಲಿಗೆ ನೀವು ಅಲ್ಲಿ ಇಲ್ಲ.

ಟಿಪ್ಪರ್ ಹಿಂದಕ್ಕೆ ಬರುವಾಗ ನೇರ ಹಿಂದೆ ನಿಲ್ಲಬೇಡಿ. ಚಾಲಕನ ಬದಿಗೆ, ಅಂದರೆ ಬಲಗಡೆಗೆ, ಓರೆಯಾಗಿ ಆರೆಂಟು ಮೀಟರ್ ದೂರದಲ್ಲಿ, ಕನ್ನಡಿಯಲ್ಲಿ ಕಾಣುವಂತೆ ನಿಲ್ಲಿ. ಕನ್ನಡಿಯಿಂದ ನೀವು ಮಾಯವಾದ ಕ್ಷಣ ಚಾಲಕ ನಿಲ್ಲಿಸಬೇಕು. ಇದನ್ನು ಬೆಳಗ್ಗೆಯೇ ಅವನ ಜೊತೆ ಮಾತಾಡಿಕೊಂಡಿರಬೇಕು. ಹಿಂದೆ ಹಿಂದೆ ನಡೆಯುತ್ತಾ ಕೈ ತೋರಿಸಬೇಡಿ, ಜಲ್ಲಿಯ ಮೇಲೆ ಕಾಲು ಜಾರುತ್ತದೆ. ಬಾಯಿಮಾತಂತೂ ಕೆಲಸಕ್ಕೆ ಬಾರದು. ನಮ್ಮ ಬಸ್ಸಿನ ಕಂಡಕ್ಟರ್ ‘ರೈಟ್’ ಎಂದರೆ ಹೊರಡು ಎಂದರ್ಥ. ಟಿಪ್ಪರ್ ಹಿಂದೆ ನಿಂತು ‘ರೈಟ್ ರೈಟ್’ ಎಂದರೆ ಚಾಲಕ ಬಲಕ್ಕೆ ಸ್ಟೇರಿಂಗ್ ತಿರುಗಿಸಿದರೂ ಅವನ ತಪ್ಪಲ್ಲ. ಟಿಪ್ಪರಿನ ಬಾಡಿಯ ಮೇಲೆ ಒಂದು ಏಟು ಬಡಿದರೆ ನಿಲ್ಲು, ಎರಡು ಏಟಿಗೆ ಹೋಗು ಎಂಬ ರೂಢಿಯೂ ಬೇಡ. ಒಂದು ಕಲ್ಲು ಉರುಳಿದ ಸದ್ದೂ ಅದೇ. ಒಂದೇ ಸೈಟಿನಲ್ಲಿ ಅರೆಭಾಷೆ, ಕೊಡವ ತಕ್ಕ್, ಮಲಯಾಳಂ, ಹಿಂದಿ ಎಲ್ಲ ಇರುವಾಗ ಕೈಯೇ ಭಾಷೆ. ಅಂಗೈ ಮೇಲಾಗಿ ಎದೆಯ ಕಡೆಗೆ ಎಳೆದರೆ ಬಾ. ಅಂಗೈ ಕೆಳಗಾಗಿ ಹೊರಗೆ ತಳ್ಳಿದರೆ ಹಿಂದೆ ಸರಿ. ಒಂದು ಕೈ ಮೇಲೆತ್ತಿ ಅಂಗೈ ತೋರಿಸಿದರೆ ನಿಲ್ಲು. ಎರಡೂ ಕೈ ಮೇಲೆತ್ತಿದರೆ ಅಪಾಯ, ತಕ್ಷಣ ನಿಲ್ಲು. ಬಾ, ಹೋಗು ಎನ್ನುವ ಅಧಿಕಾರ ಒಬ್ಬನಿಗೇ. ನಿಲ್ಲು ಎನ್ನುವ ಅಧಿಕಾರ ಜಲ್ಲಿ ಹೊರುವ ಹೆಂಗಸಿಗೂ ಇರಬೇಕು.

ಸುರಿಯುವ ಜಾಗದಲ್ಲಿ ಮೊದಲು ತಲೆಯೆತ್ತಿ ನೋಡಿ. ತೋಟದ ಮರಗಳ ನಡುವೆ ಹಾದ 11 ಕೆವಿ ವಿದ್ಯುತ್ ತಂತಿ ಹಸಿರಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಟಿಪ್ಪರ್ ಎತ್ತಿದ ಬಾಡಿ ಅದಕ್ಕೆ ತಗುಲುತ್ತದೆ. ತಗುಲಿತೋ, ಚಾಲಕ ಕ್ಯಾಬಿನ್ನಿನಲ್ಲೇ ಇರಬೇಕು, ಉಳಿದವರು ಹತ್ತು ಮೀಟರ್ ದೂರ ಸರಿದು ಲೈನ್ ಆಫ್ ಮಾಡಿಸಬೇಕು. ಬೆಂಕಿ ಹತ್ತಿದರೆ ಮಾತ್ರ ಎರಡೂ ಕಾಲು ಜೋಡಿಸಿ ಹೊರಕ್ಕೆ ಹಾರಿ, ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದೆ, ಕಾಲು ಅಗಲಿಸದೆ ತೆವಳುಹೆಜ್ಜೆಯಲ್ಲಿ ದೂರ ಹೋಗಬೇಕು. ಇನ್ನು ನೆಲ. ಒಂದು ಚಕ್ರ ಹಸಿ ಅಂಚಿನಲ್ಲಿ ಇಳಿದಿದ್ದರೆ ಬಾಡಿ ಎತ್ತಿಸಬೇಡಿ. ಒದ್ದೆ ಜಲ್ಲಿಪುಡಿ ಒಂದು ಬದಿಗೆ ಅಂಟಿಕೊಂಡು ಇನ್ನೊಂದು ಬದಿ ಖಾಲಿಯಾದರೆ ಟಿಪ್ಪರ್ ಅಡ್ಡ ಮಗುಚುತ್ತದೆ. ಪ್ರಪಾತದ ಅಂಚಿಗೆ ದಪ್ಪ ಮರದ ತಡೆ ಹಾಕಿ, ಕಲ್ಲು ಸಾಲದು. ಡಾಂಬರು ಹಾಸುವ ಪೇವರ್‌ಗೆ ಟಿಪ್ಪರ್ ತಾನೇ ಹೋಗಿ ಗುದ್ದಬಾರದು. ಅಡಿಯಷ್ಟು ಮೊದಲೇ ನಿಂತು ನ್ಯೂಟ್ರಲ್ ಮಾಡಿದರೆ ಪೇವರ್ ಬಂದು ತಳ್ಳಿಕೊಂಡು ಹೋಗುತ್ತದೆ. ಆ ಒಂದಡಿ ಸಂದಿಯಲ್ಲಿ ಸಲಿಕೆ ಹಿಡಿದವನು ಇಲ್ಲವೆಂದು ನೋಡಿಕೊಳ್ಳುವುದು ಕೈ ತೋರಿಸುವವನ ಹೊಣೆ.

ಬರೆ ಕುಸಿದ ಮಣ್ಣು ತೆಗೆಯುವಾಗ ಲೆಕ್ಕ ಬೇರೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡವೇ ರಸ್ತೆಗೆ ಬಂದದ್ದು ನಿಮಗೆ ಗೊತ್ತು. ಅಂಥ ಕಡೆ ಒಬ್ಬನನ್ನು ಬರೀ ಮೇಲೆ ನೋಡಲು ನಿಲ್ಲಿಸಿ, ಕೈಗೆ ಸೀಟಿ ಕೊಡಿ. ಸಣ್ಣ ಕಲ್ಲು ಉದುರಿದರೆ, ಮರ ವಾಲಿದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ ಒಂದು ಉದ್ದ ಸೀಟಿ, ಎಲ್ಲರೂ ಓಟ. ಓಡುವ ದಿಕ್ಕನ್ನು ಬೆಳಗ್ಗೆಯೇ ತೋರಿಸಿರಬೇಕು. ಅವನ ಕೈಗೆ ಬಾವುಟವನ್ನೂ ಕೊಟ್ಟರೆ ಮತ್ತೆ ಮೊದಲಿನ ತಪ್ಪಿಗೇ ಬಂದೆವು.

ಸಂಜೆ ಯಂತ್ರ ಹೊರಟ ಮೇಲೆ ಕೋನ್ ತೆಗೆಯಿರಿ, ಬೋರ್ಡನ್ನು ಕೊನೆಗೆ. ತಿತಿಮತಿ ಕಡೆಯಾದರೆ ಕತ್ತಲಾಗುವ ಮೊದಲೇ. ಆನೆಗೆ ಯಾವ ಬಾವುಟವೂ ಗೊತ್ತಿಲ್ಲ. ಗುಂಡಿ ತೆರೆದೇ ಉಳಿಯುವುದಾದರೆ ಮಿನುಗುವ ದೀಪ ಇಟ್ಟು ಹೋಗಿ. ಗುಂಡಿ ಮುಚ್ಚಿದ್ದರೆ ಬೋರ್ಡನ್ನು ಲಾರಿಗೆ ಹಾಕಿಕೊಂಡೇ ಹೋಗಿ. ಕೆಲಸವಿಲ್ಲದ ಕಡೆ ‘ಕಾಮಗಾರಿ’ ಬೋರ್ಡ್ ಮೂರು ದಿನ ಕಂಡ ಜೀಪಿನವನು ನಾಲ್ಕನೆಯ ದಿನ, ಅದೇ ತಿರುವಿನಲ್ಲಿ ನಿಜವಾಗಿ ಆಳು ನಿಂತಿರುವಾಗ, ಬ್ರೇಕಿಗೆ ಕಾಲು ಇಡುವುದಿಲ್ಲ.

ನಮಸ್ಕಾರ.