ದಿನ ತುಂಬದ ಉಸಿರು: ಮಾಂಟ್ ಲಿಗಿನ್ಸ್ ಮತ್ತು ಒಂದು ಸ್ಟೀರಾಯ್ಡ್ ಇಂಜೆಕ್ಷನ್

(ಹಾಸನದಲ್ಲಿ ನರ್ಸಿಂಗ್ ಹಾಗೂ ಪಶುವೈದ್ಯಕೀಯ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರಿಗಾಗಿ ನೀಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರಿಗೆ, ವಿದ್ಯಾರ್ಥಿ ಮಿತ್ರರಿಗೆ, ಸಕಲೇಶಪುರ, ಆಲೂರು, ಅರಕಲಗೂಡು ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿರುವ ಆಶಾ ಕಾರ್ಯಕರ್ತೆಯರಿಗೆ ನಮಸ್ಕಾರ.

ಪಶುವೈದ್ಯರ ಬ್ಯಾಗಿನಲ್ಲೂ ಹೆರಿಗೆ ವಾರ್ಡಿನ ಟ್ರೇಯಲ್ಲೂ ಒಂದೇ ಔಷಧಿ ಇರುತ್ತದೆ. ಅದರ ಹೆಸರು ಡೆಕ್ಸಾಮೆಥಾಸೋನ್, ಒಂದು ಸ್ಟೀರಾಯ್ಡ್. ಎಂಟೂವರೆ ತಿಂಗಳು ದಾಟಿದ ಗಬ್ಬದ ಹಸುವಿಗೆ 20 ಮಿಲಿಗ್ರಾಂ ಕೊಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನದೊಳಗೆ ಕರು ಹಾಕುತ್ತದೆ. ಎಂಟು ತಿಂಗಳು ತುಂಬದ ಬಸುರಿಗೆ 6 ಮಿಲಿಗ್ರಾಂನಂತೆ ನಾಲ್ಕು ಸಲ ಕೊಟ್ಟರೆ ಅದರಿಂದ ಹೆರಿಗೆ ಬೇನೆ ಶುರುವಾಗುವುದಿಲ್ಲ. ಹೊಟ್ಟೆಯೊಳಗಿನ ಮಗುವಿನ ಶ್ವಾಸಕೋಶ ಹದಕ್ಕೆ ಬರುತ್ತದೆ. ಔಷಧಿ ಒಂದೇ, ಕೆಲಸ ಎರಡು. ಇದೇಕೆ ಹೀಗೆ ಎಂಬುದು ಗೊತ್ತಾದದ್ದು ನ್ಯೂಜಿಲೆಂಡಿನ ಒಬ್ಬ ಹೆರಿಗೆ ವೈದ್ಯರು ಕುರಿಗಳ ಮೇಲೆ ಮಾಡಿದ ಕೆಲಸದಿಂದ.

ಅವರ ಪೂರ್ಣ ಹೆಸರು ಗ್ರಹಾಂ ಕಾಲಿಂಗ್‌ವುಡ್ ಲಿಗಿನ್ಸ್. ಎಲ್ಲರೂ ಕರೆಯುತ್ತಿದ್ದದ್ದು ಮಾಂಟ್ ಎಂದು. 1926ರಲ್ಲಿ ಥೇಮ್ಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು, ತಂದೆಯೂ ವೈದ್ಯರು. 1959ರಲ್ಲಿ ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಗೆ ಸೇರಿದರು. ಅಲ್ಲಿ ಅವರ ಸಹೋದ್ಯೋಗಿ ವಿಲಿಯಂ ಲೈಲಿ. ಹೊಟ್ಟೆಯೊಳಗಿರುವ ಮಗುವಿಗೇ ರಕ್ತ ಕೊಟ್ಟು ತೋರಿಸಿದವರು ಅವರು, 1963ರಲ್ಲಿ. ಹೆರಿಗೆಶಾಸ್ತ್ರದಲ್ಲಿ ಆಗ ಇನ್ನೂ ಬಿಡಿಸದ ದೊಡ್ಡ ಸಮಸ್ಯೆ: ದಿನ ತುಂಬುವ ಮೊದಲೇ ಬರುವ ಹೆರಿಗೆ. ಲಿಗಿನ್ಸ್ ಅದನ್ನೇ ಹಿಡಿದುಕೊಂಡರು.

ಬೇನೆ ಮೊದಲೇ ಏಕೆ ಬರುತ್ತದೆ ಎಂದು ತಿಳಿಯಬೇಕಾದರೆ, ಸರಿಯಾದ ದಿನಕ್ಕೆ ಅದು ಹೇಗೆ ಬರುತ್ತದೆ ಎಂಬುದು ಗೊತ್ತಿರಬೇಕು. ದಿನ ನಿಗದಿ ಮಾಡುವವರು ಯಾರು, ತಾಯಿಯೋ ಮಗುವೋ? ತಾಯಿಯ ದೇಹವೇ ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು. ಆದರೆ ದನ ಕುರಿ ನೋಡಿಕೊಳ್ಳುವವರ ಬಳಿ ಬೇರೆ ಸುಳಿವಿತ್ತು. ಅಮೆರಿಕದ ಐಡಾಹೊ ಬೆಟ್ಟಗಳಲ್ಲಿ ಗಬ್ಬದ 14ನೇ ದಿನದ ಸುಮಾರಿಗೆ ವೆರಾಟ್ರಮ್ ಎಂಬ ಕಾಡುಗಿಡ ಮೇಯ್ದ ಕುರಿಗಳ ಹೊಟ್ಟೆಯಲ್ಲಿ ಒಂಟಿಕಣ್ಣಿನ ಮರಿಗಳು ಬೆಳೆಯುತ್ತಿದ್ದವು. ಅಂಥ ಕೆಲವು ಮರಿಗಳು ಹುಟ್ಟುವ ದಿನ ಬಂದರೂ ಹುಟ್ಟುತ್ತಿರಲಿಲ್ಲ, ತಾಯಿಯ ಹೊಟ್ಟೆಯಲ್ಲೇ ಬೆಳೆಯುತ್ತ ಹೋಗುತ್ತಿದ್ದವು. ತಾಯಿಯಲ್ಲಿ ದೋಷವಿಲ್ಲ. ಕೆಟ್ಟಿದ್ದು ಮರಿಯ ಮಿದುಳು ಮತ್ತು ಅದರ ಬುಡದ ಪಿಟ್ಯುಟರಿ ಗ್ರಂಥಿ.

ಲಿಗಿನ್ಸ್ ಇದನ್ನು ಕೈಯಾರೆ ಪರೀಕ್ಷಿಸಿದರು. ಗಬ್ಬದ ಕುರಿಗೆ ಅರಿವಳಿಕೆ ಕೊಟ್ಟು, ಗರ್ಭಕೋಶ ತೆರೆದು, ಒಳಗಿನ ಮರಿಯ ಪಿಟ್ಯುಟರಿಯನ್ನು ವಿದ್ಯುತ್ತಿನಿಂದ ಸುಟ್ಟು, ಮತ್ತೆ ಹೊಲಿದು ಮುಚ್ಚುವುದು. ಕುರಿಯ ಗಬ್ಬ ಸುಮಾರು 147ರಿಂದ 150 ದಿನ. ಪಿಟ್ಯುಟರಿ ಹಾಳಾದ ಮರಿಗಳು ಆ ದಿನ ದಾಟಿದರೂ ಹುಟ್ಟಲಿಲ್ಲ. ಬಳಿಕ ಅದನ್ನೇ ತಿರುಗಿಸಿ ನೋಡಿದರು. ಮರಿಯ ದೇಹಕ್ಕೆ ಸಣ್ಣ ಕೊಳವೆ ಇಟ್ಟು, ಅಡ್ರಿನಲ್ ಗ್ರಂಥಿಯನ್ನು ಚುರುಕುಗೊಳಿಸುವ ಎಸಿಟಿಎಚ್ ಹಾರ್ಮೋನನ್ನೋ ನೇರವಾಗಿ ಆ ಗ್ರಂಥಿಯ ಸ್ಟೀರಾಯ್ಡ್ ಆದ ಕಾರ್ಟಿಸಾಲನ್ನೋ ಹರಿಸಿದರು. ಕೆಲವೇ ದಿನಗಳಲ್ಲಿ, ಅವಧಿಗೆ ಎಷ್ಟೋ ಮೊದಲೇ, ಕುರಿ ಮರಿ ಹಾಕಿತು. ಅಂದರೆ ಕುರಿಯಲ್ಲಿ ದಿನ ಗೊತ್ತುಮಾಡುವುದು ಮರಿಯ ಅಡ್ರಿನಲ್ ಗ್ರಂಥಿ ಸುರಿಸುವ ಸ್ಟೀರಾಯ್ಡ್.

ಹಾದಿ ಹೀಗಿದೆ. ಮರಿಯ ಕಾರ್ಟಿಸಾಲ್ ಏರಿದಾಗ ಕುರಿಯ ಮಾಸಿನಲ್ಲಿ, ಅಂದರೆ ಪ್ಲಸೆಂಟಾದಲ್ಲಿ, ಒಂದು ಕಿಣ್ವ ಎಚ್ಚರಗೊಳ್ಳುತ್ತದೆ. ಗಬ್ಬವನ್ನು ಹಿಡಿದಿಟ್ಟಿದ್ದ ಪ್ರೊಜೆಸ್ಟರಾನನ್ನು ಅದು ಈಸ್ಟ್ರೋಜನ್ ಆಗುವ ದಾರಿಗೆ ತಳ್ಳುತ್ತದೆ. ಈಸ್ಟ್ರೋಜನ್ ಏರಿ ಪ್ರೊಸ್ಟಗ್ಲಾಂಡಿನ್ ಬಂದು ಗರ್ಭಕೋಶ ಹಿಂಡಲು ತೊಡಗುತ್ತದೆ. ಹಸುವಿನಲ್ಲೂ ಹೆಚ್ಚುಕಡಿಮೆ ಇದೇ. ಮನುಷ್ಯರ ಮಾಸಿನಲ್ಲಿ ಆ ಕಿಣ್ವ ಇಲ್ಲ. ಆದ್ದರಿಂದ ಬಸುರಿಗೆ ಸ್ಟೀರಾಯ್ಡ್ ಕೊಟ್ಟರೆ ಬೇನೆ ಏಳುವುದಿಲ್ಲ. ಹೆರಿಗೆಯ ಗುಟ್ಟು ಹುಡುಕಿ ಹೊರಟ ಲಿಗಿನ್ಸ್‌ಗೆ ಆ ಗುಟ್ಟು ಮನುಷ್ಯರ ಮಟ್ಟಿಗೆ ಪೂರ್ತಿ ದಕ್ಕಲಿಲ್ಲ. ದಕ್ಕಿದ್ದು ಇನ್ನೊಂದು.

ಹಾರ್ಮೋನ್ ಪಡೆದು 117ನೇ ದಿನಕ್ಕೇ ಹುಟ್ಟಿದ ಒಂದು ಮರಿ ಬದುಕಿ ಉಸಿರಾಡುತ್ತಿತ್ತು. ಆ ವಯಸ್ಸಿನ ಮರಿಯ ಶ್ವಾಸಕೋಶ ಈಲಿಯಂತೆ ಗಟ್ಟಿ, ಗಾಳಿ ಒಳಗೆ ಹೋಗುವಂತೆಯೇ ಇಲ್ಲ. ಇದು ಗಂಟೆಗಟ್ಟಲೆ ಉಸಿರಾಡಿ ಸತ್ತಿತು. ಕೊಯ್ದು ನೋಡಿದರೆ ಶ್ವಾಸಕೋಶದ ಭಾಗಗಳಲ್ಲಿ ಗಾಳಿ ತುಂಬಿತ್ತು. ಪ್ರಯೋಗದ ಉದ್ದೇಶಕ್ಕೂ ಇದಕ್ಕೂ ಸಂಬಂಧವಿರಲಿಲ್ಲ, ಬದಿಗಿಟ್ಟು ಮುಂದೆ ಹೋಗಬಹುದಿತ್ತು. ಲಿಗಿನ್ಸ್ ಹೋಗಲಿಲ್ಲ. ಸ್ಟೀರಾಯ್ಡ್ ಶ್ವಾಸಕೋಶವನ್ನು ಬೇಗ ಮಾಗಿಸುತ್ತಿದೆ ಎಂದು ಊಹಿಸಿ 1969ರ ಲೇಖನದಲ್ಲಿ ಅದನ್ನು ಬರೆದರು. ಅವರ ಇಡೀ ವೃತ್ತಿಜೀವನದಲ್ಲಿ ನಾನು ಅತ್ಯಂತ ಗೌರವಿಸುವ ಗಳಿಗೆ ಇದೇ.

ಶ್ವಾಸಕೋಶ ಮಾಗುವುದು ಎಂದರೇನು? ಒದ್ದೆಯಾದ ಪ್ಲಾಸ್ಟಿಕ್ ಕವರಿನ ಎರಡು ಮೈ ಅಂಟಿಕೊಂಡಾಗ ಬಿಡಿಸಲು ಎಷ್ಟು ಕಷ್ಟ ನೋಡಿ. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಒಳಮೈಯೂ ಒದ್ದೆಯೇ. ಅಂಟಿಕೊಳ್ಳದಂತೆ ಕಾಯುವುದು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ತೆಳು ಪದರ. ದಿನ ತುಂಬದ ಮಗುವಿಗೆ ಇದು ಸಾಲದು. ಪ್ರತಿ ಉಸಿರು ಬಿಟ್ಟಾಗಲೂ ಗೂಡುಗಳು ಮುದುಡುತ್ತವೆ, ಪ್ರತಿ ಸಲವೂ ಮೊದಲ ಉಸಿರಿನಷ್ಟೇ ಶ್ರಮಪಟ್ಟು ತೆರೆಯಬೇಕು. ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಮಗು ನರಳುತ್ತದೆ, ಕೊನೆಗೆ ಸುಸ್ತಾಗಿ ಉಸಿರು ನಿಲ್ಲುತ್ತದೆ. ಕೊರತೆ ಇದರದ್ದೇ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ ತೋರಿಸಿಕೊಟ್ಟಿದ್ದರು. ಆದರೆ ಮದ್ದಿರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗು ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ, ಇದೇ ತೊಂದರೆಯಿಂದ 39 ಗಂಟೆಯಲ್ಲಿ ತೀರಿಕೊಂಡಿತು.

ಮಕ್ಕಳ ವೈದ್ಯ ರಾಸ್ ಹೋವಿ ಅವರೊಂದಿಗೆ ಲಿಗಿನ್ಸ್ 1969ರ ಡಿಸೆಂಬರಿನಲ್ಲಿ ತಾಯಂದಿರಲ್ಲಿ ಪ್ರಯೋಗ ಶುರುಮಾಡಿದರು. ಒಂದು ಗುಂಪಿಗೆ ಡೆಕ್ಸಾಮೆಥಾಸೋನ್‌ನಂಥದೇ ಸ್ಟೀರಾಯ್ಡ್ ಆದ ಬೀಟಾಮೆಥಾಸೋನ್ 12 ಮಿಲಿಗ್ರಾಂ, 24 ಗಂಟೆಯ ಬಳಿಕ ಮತ್ತೆ 12. ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಕಾಣುವ, ಶಕ್ತಿಯಲ್ಲಿ ಎಪ್ಪತ್ತರಲ್ಲೊಂದು ಪಾಲಿನ ಕಾರ್ಟಿಸೋನ್. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ಔಷಧಿ ಕೆಲಸ ಮಾಡಲು ಸಮಯ ಬೇಕಲ್ಲ, ಅದಕ್ಕಾಗಿ ಬೇನೆ ತಡೆಯಲು ಮೊದಮೊದಲು ರಕ್ತನಾಳಕ್ಕೆ ಆಲ್ಕೊಹಾಲ್, ಆಮೇಲೆ ಸಾಲ್ಬ್ಯುಟಮಾಲ್ ಹರಿಸುತ್ತಿದ್ದರು. 1972ರಲ್ಲಿ 282 ತಾಯಂದಿರ ಫಲಿತಾಂಶ ಪ್ರಕಟವಾಯಿತು. ಮಕ್ಕಳಲ್ಲಿ ಉಸಿರಾಟದ ತೊಂದರೆ ಬೀಟಾಮೆಥಾಸೋನ್ ಕೊಟ್ಟ ಕಡೆ ಶೇ. 9, ಇನ್ನೊಂದು ಕಡೆ ಶೇ. 25.8. 32 ವಾರದೊಳಗೆ ಹುಟ್ಟಿ, ಇಂಜೆಕ್ಷನ್ನಿಗೂ ಹೆರಿಗೆಗೂ ಕನಿಷ್ಠ 24 ಗಂಟೆ ಸಿಕ್ಕಿದ್ದ ಮಕ್ಕಳಲ್ಲಿ ಶೇ. 11.8, ಹೋಲಿಕೆಯ ಗುಂಪಿನಲ್ಲಿ ಶೇ. 69.6.

ಇಷ್ಟಾದರೂ ಜಗತ್ತಿನ ಬಹಳಷ್ಟು ಆಸ್ಪತ್ರೆಗಳು ಇಪ್ಪತ್ತು ವರ್ಷ ಹಿಂಜರಿದವು. ಮುಂದೆ ಬಂದ ಪ್ರಯೋಗಗಳು ಸಣ್ಣಸಣ್ಣವು, ಬಿಡಿಬಿಡಿಯಾಗಿ ನೋಡಿದರೆ ಕೆಲವು ಏನೂ ಹೇಳುತ್ತಿರಲಿಲ್ಲ. ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಮಾತ್ರ ಲಾಭ ನಿಚ್ಚಳವಾಯಿತು. ವೈದ್ಯಕೀಯ ಪ್ರಯೋಗಗಳನ್ನು ಹೀಗೆ ಕೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಈ ಪ್ರಯೋಗಗಳವೇ. ಅಮೆರಿಕದ ಆರೋಗ್ಯ ಸಂಸ್ಥೆ ಒಪ್ಪಿದ್ದು 1994ರಲ್ಲಿ. ತಡವಾದ ಆ ವರ್ಷಗಳಲ್ಲಿ ಉಸಿರಿಲ್ಲದೆ ಹೋದ ಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ.

ಈಗ ನಮ್ಮ ವಾರ್ಡಿಗೆ ಬರೋಣ. ನಮ್ಮಲ್ಲಿ ಬಳಸುವುದು ಡೆಕ್ಸಾಮೆಥಾಸೋನ್: 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಡೋಸ್, ಒಟ್ಟು 24. ವಯಲ್ಲಿನ ಮೇಲೆ ಒಂದು ಮಿಲಿಲೀಟರಿಗೆ 4 ಮಿಲಿಗ್ರಾಂ ಎಂದಿದ್ದರೆ ಎಳೆಯಬೇಕಾದದ್ದು ಒಂದೂವರೆ ಮಿಲಿಲೀಟರ್. ಎರಡು ಮಿಲಿಲೀಟರಿನ ವಯಲ್ಲನ್ನು ಪೂರ್ತಿ ಎಳೆದರೆ 8 ಮಿಲಿಗ್ರಾಂ ಆಗುತ್ತದೆ. ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ತೊಡೆಯ ಅಥವಾ ಪೃಷ್ಠದ ಸ್ನಾಯುವಿಗೆ ಆಳವಾಗಿ ಕೊಡಬೇಕು. ಕೈಗೆ ಸಿಕ್ಕಿತೆಂದು ಹೈಡ್ರೋಕಾರ್ಟಿಸೋನ್, ಪ್ರೆಡ್ನಿಸೋಲೋನ್ ಕೊಟ್ಟರೆ ಪ್ರಯೋಜನವಿಲ್ಲ. ಮಾಸಿನಲ್ಲಿರುವ ಬೇರೊಂದು ಕಿಣ್ವ ಅವುಗಳ ಬಹುಪಾಲನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ಮಗುವಿನವರೆಗೆ ಹಾಯುವುದು ಡೆಕ್ಸಾ ಮತ್ತು ಬೀಟಾ.

ಯಾರಿಗೆ? 24ರಿಂದ 34 ವಾರದ ನಡುವೆ, ಏಳು ದಿನದೊಳಗೆ ಹೆರಿಗೆ ಆಗುವ ಸಂಭವ ಹೆಚ್ಚಿರುವ ತಾಯಿಗೆ. ಬೇನೆ ಬಂದಿರಬಹುದು, ನೀರು ಹೋಗಿರಬಹುದು, ಬಿ.ಪಿ. ಏರಿ ಹೆರಿಗೆ ಮಾಡಿಸಲೇಬೇಕಾಗಿರಬಹುದು. ನಾಲ್ಕೂ ಡೋಸ್ ಮುಗಿಯಲಾರದು ಎಂದು ಮೊದಲನೆಯದನ್ನೇ ಬಿಡಬೇಡಿ. ಭಾರತ ಸರ್ಕಾರದ 2014ರ ಮಾರ್ಗಸೂಚಿಯಂತೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಎಎನ್‌ಎಂ ಕೂಡ ಮೊದಲ ಡೋಸ್ ಕೊಡಬಹುದು. ಸಕಲೇಶಪುರದ ಮೇಲಿನ ಎಸ್ಟೇಟ್ ಲೈನ್‌ಮನೆಯಿಂದ 108ರಲ್ಲಿ ಘಟ್ಟದ ತಿರುವು ಇಳಿದು ಹಾಸನ ಮುಟ್ಟುವಷ್ಟರಲ್ಲಿ ಆ ಡೋಸ್ ಕೆಲಸ ಶುರುಮಾಡಿರುತ್ತದೆ. ಕೊಟ್ಟ ಹೊತ್ತನ್ನು ರೆಫರಲ್ ಚೀಟಿಯಲ್ಲಿ ಬರೆಯದಿದ್ದರೆ ಅಲ್ಲಿ ಮತ್ತೆ ಮೊದಲಿನಿಂದ ಕೊಡುತ್ತಾರೆ.

ಕೊಟ್ಟ ಮೇಲೆ ತಾಯಿಯ ರಕ್ತದ ಸಕ್ಕರೆ ಕೆಲವು ದಿನ ಏರುತ್ತದೆ. ಸಕ್ಕರೆ ಕಾಯಿಲೆ ಇದೆಯೆಂದು ಇಂಜೆಕ್ಷನ್ ತಪ್ಪಿಸಬೇಕಿಲ್ಲ, ಸಕ್ಕರೆ ಪದೇಪದೇ ನೋಡಬೇಕು. ಬಿಳಿ ರಕ್ತಕಣದ ಎಣಿಕೆಯೂ ಏರುತ್ತದೆ. ಅದೊಂದನ್ನೇ ನೋಡಿ ಸೋಂಕು ಎನ್ನಬೇಡಿ. ಆದರೆ ಜ್ವರ, ದುರ್ವಾಸನೆಯ ಸ್ರಾವ ಇದ್ದರೆ ಅದು ನಿಜವಾದ ಸೋಂಕು, ಅಲ್ಲಿ ಸ್ಟೀರಾಯ್ಡ್ ಬೇಡ. ಇರಲಿ ಎಂದು ವಾರವಾರವೂ ಕೊಡುವ ರೂಢಿ ಕೆಲವೆಡೆ ಇತ್ತು. ಅದರಿಂದ ಮಗುವಿನ ತೂಕ, ತಲೆಯ ಸುತ್ತಳತೆ ಕುಗ್ಗುತ್ತವೆ.

ನಮ್ಮ ರಾಜ್ಯಕ್ಕೇ ಸಂಬಂಧಿಸಿದ ಒಂದು ಪಾಠವಿದೆ. ನಮ್ಮ ಬೆಳಗಾವಿಯಲ್ಲೂ ಸೇರಿ ಒಟ್ಟು ಆರು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಈ ಇಂಜೆಕ್ಷನ್ನನ್ನು ಹಳ್ಳಿಯ ಮಟ್ಟದವರೆಗೂ ಹರಡಿದರು. ನವಜಾತ ಶಿಶು ಮರಣ ಇಳಿಯಲಿಲ್ಲ, ಸಾವಿರಕ್ಕೆ 23.9 ಇರುವಲ್ಲಿ 27.4 ಆಯಿತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ವಾರದ ಲೆಕ್ಕ ಸರಿಯಿಲ್ಲದೆ, ದಿನ ತುಂಬುವ ಹೊತ್ತಿಗೇ ಹುಟ್ಟುವ ಎಷ್ಟೋ ಮಕ್ಕಳ ತಾಯಂದಿರಿಗೂ ಇಂಜೆಕ್ಷನ್ ಹೋಗಿತ್ತು. ಐದು ವರ್ಷದ ಬಳಿಕ ಭಾರತವೂ ಇದ್ದ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, 2852 ತಾಯಂದಿರಲ್ಲಿ, ಸ್ಕ್ಯಾನ್ ಮಾಡಿ ವಾರ ಖಚಿತಪಡಿಸಿಕೊಂಡು, ಮಕ್ಕಳ ಆರೈಕೆಗೆ ವ್ಯವಸ್ಥೆಯಿರುವಲ್ಲಿ ಅದೇ ಡೋಸ್ ಕೊಟ್ಟರು. ನವಜಾತ ಶಿಶು ಮರಣ ಶೇ. 23.5ರಿಂದ 19.6ಕ್ಕೆ ಇಳಿಯಿತು. ಔಷಧಿ ಅದೇ. ದಿನದ ಲೆಕ್ಕ ಮತ್ತು ಹುಟ್ಟಿದ ಮೇಲಿನ ಬಿಸಿ, ಹಾಲು, ಆಕ್ಸಿಜನ್ ಬೇರೆ.

ಹಾಗಾಗಿ ಆಶಾ ಅಕ್ಕಂದಿರೇ, ತಾಯಿ ಕಾರ್ಡಿನಲ್ಲಿ ನೀವು ಬರೆಯುವ ಕೊನೆಯ ಮುಟ್ಟಿನ ದಿನಾಂಕ ಈ ಇಂಜೆಕ್ಷನ್ನಿನಷ್ಟೇ ಮುಖ್ಯ. ನೆನಪಿಲ್ಲ ಎಂದರೆ ಹಬ್ಬ ಹಿಡಿದು ಕೇಳಿ: ಯುಗಾದಿಗೆ ಮುಂಚೆಯೋ ಆಮೇಲೋ, ಕಾಫಿ ಕೊಯ್ಲು ನಡೆಯುತ್ತಿತ್ತೋ ಮುಗಿದಿತ್ತೋ. ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನ್ ಆಗುವಂತೆ ನೋಡಿ, ವಾರ ಕಂಡುಹಿಡಿಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಏಳು ತಿಂಗಳ ಮಗು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ ಎಂಬ ಮಾತನ್ನು ಮನೆಯವರು ಹೇಳಿದರೆ ಒಪ್ಪಬೇಡಿ. ಒಳಗೆ ಕಳೆದ ಪ್ರತಿ ವಾರವೂ ಶ್ವಾಸಕೋಶಕ್ಕೆ ಲಾಭವೇ.

ಪಶುವೈದ್ಯಕೀಯ ವಿದ್ಯಾರ್ಥಿಗಳಿಗೂ ಅದೇ ಪ್ರಶ್ನೆ: ಎಷ್ಟು ತಿಂಗಳ ಗಬ್ಬ? ಕಾಲು ಬಾವಿಗೋ ಕೀಟೋಸಿಸ್‌ಗೋ ಡೆಕ್ಸಾ ಕೊಡುವ ಮೊದಲು ಕೇಳದಿದ್ದರೆ, ಕೊನೆಯ ತಿಂಗಳುಗಳಲ್ಲಿ ಕಂದು ಹಾಕಬಹುದು. ಬೇಕೆಂದೇ ಕರು ಹಾಕಿಸಿದಾಗ ಕಸ, ಅಂದರೆ ಮಾಸು, ಬೀಳದೆ ನಿಲ್ಲುವುದು ಸಾಮಾನ್ಯ, ರೈತರಿಗೆ ಮೊದಲೇ ತಿಳಿಸಿ. ಕರು ಒಳಗೇ ಸತ್ತು ಒಣಗಿದ್ದರೆ ಡೆಕ್ಸಾದಿಂದ ಹೊರಬರುವುದಿಲ್ಲ. ಏಕೆಂದರೆ ಔಷಧಿ ನಟಿಸುವುದು ಜೀವಂತ ಕರುವಿನ ಸಂದೇಶವನ್ನು. ಅದನ್ನು ಕೇಳಿಸಿಕೊಳ್ಳಲು ಜೀವಂತ ಮಾಸು ಬೇಕು. ಲಿಗಿನ್ಸ್ ಕುರಿಗಳು ಕಲಿಸಿದ್ದೇ ಇದು. ಅವರು 2010ರಲ್ಲಿ ತೀರಿಕೊಂಡರು. ಆಕ್ಲೆಂಡಿನ ಸಂಶೋಧನಾ ಸಂಸ್ಥೆಯೊಂದು ಅವರ ಹೆಸರಿನಲ್ಲೇ ಇದೆ.

ಮುಂದಿನ ಮೇಜಿನ ಮೇಲೆ ನೀರು ತುಂಬಿದ ವಯಲ್ಲುಗಳು, ಸಿರಿಂಜುಗಳು ಇವೆ. ಪ್ರಶ್ನೆ ಕೇಳುವ ಮೊದಲು ಒಬ್ಬೊಬ್ಬರಾಗಿ ಬಂದು ಒಂದೂವರೆ ಮಿಲಿಲೀಟರ್ ಎಳೆದು, ಬೆಳಕಿಗೆ ಹಿಡಿದು ಗೆರೆ ತೋರಿಸಿ.