ಗಣಿಯ ನೀರಿನಿಂದ ಸೈನೈಡ್ ಕಳೆಯುವ ಬೆಳಕು

ಕೇಳುಗರಿಗೆ ನಮಸ್ಕಾರ.

ಒಂದು ಟನ್ ಅದಿರಿನಲ್ಲಿ ಸಾಮಾನ್ಯವಾಗಿ ಸಿಗುವ ಚಿನ್ನ ಕೆಲವೇ ಗ್ರಾಂ. ಅದೂ ಕಣ್ಣಿಗೆ ಕಾಣದ ಕಣಗಳಾಗಿ ಕಲ್ಲಿನೊಳಗೆ ಹರಡಿಕೊಂಡಿರುತ್ತದೆ. ಅದನ್ನು ಹೊರತೆಗೆಯಲು ಅದಿರನ್ನು ನುಣ್ಣಗೆ ಅರೆದು, ನೀರು ಮತ್ತು ಸುಣ್ಣ ಬೆರೆಸಿ, ತೆಳುವಾದ ಸೋಡಿಯಂ ಸೈನೈಡ್ ದ್ರಾವಣದಲ್ಲಿ ಗಾಳಿಯಾಡಿಸುತ್ತಾ ಕಲಕುತ್ತಾರೆ. ಚಿನ್ನ ಕರಗಿ ದ್ರಾವಣಕ್ಕೆ ಬರುತ್ತದೆ. 1887ರಲ್ಲಿ ಗ್ಲಾಸ್ಗೋ ನಗರದಲ್ಲಿ ಮ್ಯಾಕ್ಆರ್ಥರ್ ಮತ್ತು ಫಾರೆಸ್ಟ್ ಸೋದರರು ರೂಪಿಸಿದ ಈ ವಿಧಾನವೇ ಇಂದಿಗೂ ಜಗತ್ತಿನ ಹೆಚ್ಚಿನ ಚಿನ್ನದ ಗಣಿಗಳಲ್ಲಿ ನಡೆಯುತ್ತಿದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಅದಿರು ಅರೆದು ಉಳಿದ ಮಣ್ಣಿನ ರಾಶಿಗಳು ಅಲ್ಲಿ ಇಂದಿಗೂ ನಿಂತಿವೆ, ಊರಿನವರು ಅವುಗಳನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಗಾರಿಕೆ ಈಗಲೂ ಮುಂದುವರಿದಿದೆ.

ಚಿನ್ನ ತೆಗೆದ ಬಳಿಕ ಉಳಿಯುವ ಕೆಸರು ನೀರು ಒಡ್ಡು ಕಟ್ಟಿದ ಕೊಳಕ್ಕೆ ಹೋಗುತ್ತದೆ. ಆ ಒಡ್ಡು ಒಡೆದರೆ ಏನಾಗುತ್ತದೆ ಎಂಬುದನ್ನು 2000ದ ಜನವರಿ 30ರಂದು ರುಮೇನಿಯಾದ ಬಾಯಾ ಮಾರೆ ಕಂಡಿತು. ಅಂದು ಸುಮಾರು ಒಂದು ಲಕ್ಷ ಘನಮೀಟರ್ ಸೈನೈಡ್ ಮಿಶ್ರಿತ ನೀರು ಸೋಮೆಶ್ ನದಿಗೆ, ಅಲ್ಲಿಂದ ತಿಸಾ ನದಿಗೆ, ಕೊನೆಗೆ ಡ್ಯಾನ್ಯೂಬಿಗೆ ಹರಿಯಿತು. ಹಂಗೇರಿಯೊಂದರಲ್ಲೇ ಸಾವಿರ ಟನ್ನಿಗೂ ಹೆಚ್ಚು ಮೀನುಗಳು ಸತ್ತವು. ಆದ್ದರಿಂದ ಕೊಳಕ್ಕೆ ಹೋಗುವ ಮುನ್ನವೇ ನೀರಿನಲ್ಲಿರುವ ಸೈನೈಡನ್ನು ನಾಶಮಾಡುವುದು ಗಣಿಯ ಮೊದಲ ಕರ್ತವ್ಯವೆಂದು ನಾನು ನಂಬಿದ್ದೇನೆ.

ಇದಕ್ಕೆ ಬಳಕೆಯಲ್ಲಿರುವ ವಿಧಾನಗಳು ಹಲವು. ಕ್ಲೋರಿನ್ ಹಾಕಬಹುದು, ಆದರೆ ನಡುವಿನ ಹಂತದಲ್ಲಿ ಸೈನೋಜನ್ ಕ್ಲೋರೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ತಾಮ್ರದ ಸಮ್ಮುಖದಲ್ಲಿ ಗಂಧಕದ ಡೈಆಕ್ಸೈಡ್ ಮತ್ತು ಗಾಳಿ ಹಾಯಿಸಬಹುದು, ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನೀರಿನಲ್ಲಿ ಸಲ್ಫೇಟ್ ಉಳಿಯುತ್ತದೆ. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ 1984ರಿಂದ ಸೂಕ್ಷ್ಮಜೀವಿಗಳ ನೆರವಿನಿಂದಲೇ ಸೈನೈಡ್ ಕಳೆಯುತ್ತಿದ್ದರು. ಈ ಸಾಲಿಗೆ ಸೇರಬಲ್ಲ ಇನ್ನೊಂದು ಮಾರ್ಗ ಬೆಳಕಿನದು, ಇಂದಿನ ನನ್ನ ಮಾತು ಅದರ ಕುರಿತು.

ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ ಇದರ ನಾಯಕ. ನಮ್ಮ ನೆರೆಯ ಕೇರಳದ ಚವರದ ಕಡಲ ಮರಳಿನಿಂದಲೂ ಇದನ್ನು ತಯಾರಿಸುತ್ತಾರೆ. ಈ ಪುಡಿಯ ಮೇಲೆ ಸುಮಾರು 387 ನ್ಯಾನೋಮೀಟರಿಗಿಂತ ಕಿರಿದಾದ ತರಂಗಾಂತರದ ನೇರಳಾತೀತ ಬೆಳಕು ಬಿದ್ದಾಗ ಅದರೊಳಗಿನ ಒಂದು ಎಲೆಕ್ಟ್ರಾನ್ ತನ್ನ ನೆಲೆ ಬಿಟ್ಟು ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ, ಅದು ಬಿಟ್ಟ ಜಾಗ ಧನಾವೇಶದ ರಂಧ್ರವಾಗಿ ವರ್ತಿಸುತ್ತದೆ. ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಪಡೆದುಕೊಳ್ಳುತ್ತದೆ. ರಂಧ್ರವಾದರೋ ಪುಡಿಯ ಮೇಲ್ಮೈಗೆ ತಾಗಿದ ವಸ್ತುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಹಾಗೆ ಎಲೆಕ್ಟ್ರಾನ್ ಕಳೆದುಕೊಂಡ ಸೈನೈಡ್ ಆಮ್ಲಜನಕದೊಡನೆ ಸೇರಿ, ವಿಷ ಬಹಳ ಕಡಿಮೆಯಿರುವ ಸಯನೇಟ್ ಆಗುತ್ತದೆ. ಸಯನೇಟ್ ಮುಂದೆ ಕಾರ್ಬೊನೇಟ್ ಮತ್ತು ಸಾರಜನಕದ ಸಂಯುಕ್ತಗಳಾಗಿ ಒಡೆಯುತ್ತದೆ. ಪುಡಿ ಮಾತ್ರ ಖರ್ಚಾಗುವುದಿಲ್ಲ, ಆದ್ದರಿಂದಲೇ ಅದನ್ನು ವೇಗವರ್ಧಕ ಎನ್ನುತ್ತೇವೆ. ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಅವರು 1972ರಲ್ಲಿ ಈ ಆಕ್ಸೈಡಿನ ವಿದ್ಯುದಗ್ರಕ್ಕೆ ಬೆಳಕು ಹಾಯಿಸಿ ನೀರನ್ನು ವಿಭಜಿಸಿ ತೋರಿಸಿದರು. ಐದು ವರ್ಷಗಳ ಬಳಿಕ, 1977ರಲ್ಲಿ, ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಅವರು ಇದೇ ಪುಡಿಯನ್ನು ನೀರಿಗೆ ಬೆರೆಸಿ ಬೆಳಕಿಗೊಡ್ಡಿ ಸೈನೈಡನ್ನು ಆಕ್ಸಿಡೀಕರಿಸಿದರು. ಅಂದರೆ ನೀರಿನ ಮಾಲಿನ್ಯಕ್ಕೆ ಈ ಪುಡಿಯನ್ನು ಹಚ್ಚಿ ನೋಡಿದ ಮೊದಮೊದಲ ಪ್ರಯೋಗಗಳಲ್ಲೇ ಸೈನೈಡ್ ಇತ್ತು.

ಹಾಗಾದರೆ ಅರ್ಧ ಶತಮಾನ ಸಮೀಪಿಸುತ್ತಿದ್ದರೂ ಗಣಿಗಳಲ್ಲಿ ಇದು ಏಕೆ ನೆಲೆಯೂರಲಿಲ್ಲ? ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಸೈನೈಡ್ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರ ಗುಣದ ಅಳತೆ, ಹತ್ತಕ್ಕಿಂತ ಮೇಲೆ ಇರಬೇಕು, ಸುಣ್ಣ ಹಾಕುವುದೇ ಅದಕ್ಕಾಗಿ. ಪಿಎಚ್ 9.2ರ ಆಸುಪಾಸಿಗೆ ಇಳಿದರೆ ಸೈನೈಡಿನ ಅರ್ಧ ಭಾಗ ಹೈಡ್ರೋಜನ್ ಸೈನೈಡ್ ಆಗುತ್ತದೆ. ಅದು ಗಾಳಿಗೆ ಸೇರಿ ಕೆಲಸಗಾರರ ಉಸಿರಿಗೆ ಹೋದರೆ ಪ್ರಾಣಕ್ಕೇ ಎರವಾಗುತ್ತದೆ. ಆದರೆ ಅಷ್ಟು ಕ್ಷಾರೀಯವಾದ ನೀರಿನಲ್ಲಿ ಟೈಟಾನಿಯಂ ಡೈಆಕ್ಸೈಡಿನ ಮೇಲ್ಮೈಯೂ ಋಣಾವೇಶ ಪಡೆದಿರುತ್ತದೆ, ಸೈನೈಡ್ ಅಯಾನೂ ಋಣಾವೇಶದ್ದೇ. ಹತ್ತಿರ ಬಂದು ಅಂಟಿಕೊಳ್ಳಬೇಕಾದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಕ್ರಿಯೆ ಚುರುಕಾಗಲೆಂದು ಪಿಎಚ್ ಇಳಿಸಿದರೆ ವಿಷಾನಿಲ, ಸುರಕ್ಷತೆಗಾಗಿ ಏರಿಸಿಟ್ಟರೆ ನಿಧಾನಗತಿ. ಈ ಎರಡರಲ್ಲಿ ನಿಧಾನವನ್ನೇ ಒಪ್ಪಿಕೊಂಡು, ನೀರನ್ನು ಹೆಚ್ಚು ಹೊತ್ತು ಬೆಳಕಿನಲ್ಲಿ ಇರಿಸುವ ವ್ಯವಸ್ಥೆ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ತೊಡಕು ಸೈನೈಡ್ ಒಂಟಿಯಾಗಿ ಇರುವುದಿಲ್ಲ ಎಂಬುದು. ತಾಮ್ರ ಮತ್ತು ಸತುವಿನೊಡನೆ ಅದರ ಬಂಧ ಸಡಿಲ, ಕಬ್ಬಿಣದೊಡನೆ ಬಹಳ ಬಿಗಿ. ಕಬ್ಬಿಣದ ಈ ಸಂಕೀರ್ಣ ಮಾಮೂಲಿ ಆಕ್ಸಿಡೀಕರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ನೇರಳಾತೀತ ಬೆಳಕಿಗೆ ಒಡೆಯುತ್ತದೆ. ತೆರೆದ ಕೊಳದಲ್ಲಿ ಬಿಸಿಲು ಬಿದ್ದಾಗ ಹೀಗೆ ಒಡೆದು ಮುಕ್ತ ಸೈನೈಡ್ ಮತ್ತೆ ನೀರಿಗೆ ಬರುವುದು ನಿಜವಾದ ಅಪಾಯ. ಹಾಗೆ ಹೊರಬಂದ ಸೈನೈಡನ್ನು ಅಲ್ಲಿಯೇ ಆಕ್ಸಿಡೀಕರಿಸಬಲ್ಲ ಪುಡಿಯೂ ಅದೇ ಬೆಳಕಿನಲ್ಲಿ ಇದ್ದರೆ ಅಪಾಯವೇ ಉಪಾಯವಾಗುತ್ತದೆ. ಈ ವಿಧಾನದ ನಿಜವಾದ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲಿಯೇ. ಬಿಡುಗಡೆಯಾದ ಲೋಹಗಳು ಮಾತ್ರ ನಾಶವಾಗುವುದಿಲ್ಲ. ಅವು ಹೈಡ್ರಾಕ್ಸೈಡುಗಳಾಗಿ ಪುಡಿಯ ಮೇಲೆಯೇ ಕೂತು ಬೆಳಕನ್ನು ತಡೆಯುತ್ತವೆ. ಆಗಾಗ ಆಮ್ಲದಿಂದ ತೊಳೆಯಬೇಕಾಗುತ್ತದೆ, ಅದಕ್ಕೂ ಮೊದಲು ಸೈನೈಡಿನ ಪಸೆಯೂ ಉಳಿಯದಂತೆ ನೋಡಿಕೊಳ್ಳಬೇಕಾಗುತ್ತದೆ.

ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದೂ ಸಾಮಾನ್ಯ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಪಾಳುಬಿದ್ದ ಚಿನ್ನದ ಗಣಿಯೊಂದರ ಸಮೀಪ, ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನ ಚರ್ಮರೋಗಕ್ಕೆ ತುತ್ತಾದದ್ದನ್ನು ನಾವು ಮರೆಯುವಂತಿಲ್ಲ. ಬೆಳಕು ಮತ್ತು ಈ ಪುಡಿ ಸೇರಿ ಮೂರು ವೇಲೆನ್ಸಿಯ ಆರ್ಸೆನಿಕ್ಕನ್ನು ಐದು ವೇಲೆನ್ಸಿಯದಾಗಿ ಬದಲಿಸಬಲ್ಲವು. ಆ ರೂಪವನ್ನು ಕಬ್ಬಿಣದ ಹೈಡ್ರಾಕ್ಸೈಡ್ ಸುಲಭವಾಗಿ ಹೀರಿಕೊಳ್ಳುತ್ತದೆ. ಆದರೂ ಹೀರಿಕೊಂಡ ಆ ಕೆಸರನ್ನು ಸುರಕ್ಷಿತವಾಗಿ ಇಡುವ ಹೊಣೆ ಹಾಗೆಯೇ ಉಳಿಯುತ್ತದೆ.

ಇನ್ನು ಬೆಳಕಿನ ಲೆಕ್ಕ. ರಾಯಚೂರಿನ ಬಿಸಿಲು ಎಷ್ಟೇ ಕಡುವಾಗಿದ್ದರೂ ಸೂರ್ಯನ ಬೆಳಕಿನಲ್ಲಿ ನೇರಳಾತೀತ ಭಾಗ ಶೇಕಡಾ 5ರ ಆಸುಪಾಸು ಮಾತ್ರ. ಕೆಸರು ನೀರಿನಲ್ಲಿ ಅದೂ ಮೇಲ್ಪದರದಲ್ಲೇ ನಿಂತುಹೋಗುತ್ತದೆ. ಆದ್ದರಿಂದ ಕೆಸರನ್ನು ಮೊದಲು ತಂಗಿಸಿ, ಹೆಚ್ಚಿನ ಪ್ರಮಾಣದ ಸೈನೈಡನ್ನು ಹಳೆಯ ವಿಧಾನದಿಂದಲೇ ಕಳೆದು, ತಿಳಿಯಾದ ನೀರಿನಲ್ಲಿ ಉಳಿದ ಅಲ್ಪಾಂಶಕ್ಕಷ್ಟೇ ಬೆಳಕನ್ನು ಬಳಸುವುದು ವಿವೇಕ. ಪುಡಿಯನ್ನು ನೀರಿಗೇ ಕಲಸಿದರೆ ನ್ಯಾನೋಮೀಟರ್ ಗಾತ್ರದ ಕಣಗಳನ್ನು ಮರಳಿ ಹಿಡಿಯುವುದು ಕಷ್ಟ. ಗಾಜಿನ ಮೇಲೆ ಲೇಪಿಸಿಯೋ ತೇಲುವ ಮಣಿಗಳಿಗೆ ಅಂಟಿಸಿಯೋ ಬಳಸಿದರೆ ಕ್ರಿಯೆ ತುಸು ನಿಧಾನವಾದರೂ ಪುಡಿ ನದಿಗೆ ಸೇರುವುದಿಲ್ಲ.

ಕುಡಿಯುವ ನೀರಿನಲ್ಲಿ ಸೈನೈಡ್ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಗಣಿಗಳಲ್ಲಿ ಇಂಥ ಪ್ರಯೋಗ ನಡೆಯುವುದಾದರೆ, ಮುಕ್ತ ಸೈನೈಡನ್ನು ಅಳೆದು ಸುಮ್ಮನಾಗದೆ, ಕಬ್ಬಿಣದೊಡನೆ ಸೇರಿದ ಸೈನೈಡ್, ಗಂಧಕದೊಡನೆ ಸೇರಿ ಆದ ಥಯೋಸಯನೇಟ್, ಅಮೋನಿಯಾ, ತಾಮ್ರ, ಆರ್ಸೆನಿಕ್ ಮತ್ತು ಹೊರಹೋಗುವ ನೀರಿನಲ್ಲಿರುವ ಟೈಟಾನಿಯಂ, ಎಲ್ಲವನ್ನೂ ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಅಳೆಯಬೇಕು. ಆ ಅಂಕಿಗಳು ಕೊಳದ ಕೆಳಗಿನ ಊರುಗಳ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಕನ್ನಡದಲ್ಲಿ, ಪ್ರತಿ ತಿಂಗಳೂ ಕಾಣಬೇಕು.

ನಮಸ್ಕಾರ.