ಬ್ರೇಕು ಟ್ರ್ಯಾಕ್ಟರಿಗಿದೆ, ಕಬ್ಬಿಗಿಲ್ಲ

ಕೇಳುಗರಿಗೆ ನಮಸ್ಕಾರ. ಬಲ, ದ್ರವ್ಯರಾಶಿ, ವೇಗೋತ್ಕರ್ಷದ (ಅಂದರೆ ವೇಗ ಏರಿಳಿಯೋ ದರದ) ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಕಬ್ಬು ಅರೆಯೋ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಓಡಿಸೋ ಅಣ್ಣತಮ್ಮಂದಿರೇ, ಈ ಪಾಠ ನಿಮಗೆ. ಹೇಳೋದು ಒಂದೇ ಮಾತು: ಬ್ರೇಕು ಟ್ರ್ಯಾಕ್ಟರಿಗಿದೆ, ಹಿಂದಿನ ಕಬ್ಬಿಗಿಲ್ಲ.

ನ್ಯೂಟನ್ನನ ಎರಡನೇ ನಿಯಮ ಬಹಳ ಸರಳ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿ. ವೇಗ ಎಷ್ಟು ಬೇಗ ಏರುತ್ತೆ, ಎಷ್ಟು ಬೇಗ ಇಳಿಯುತ್ತೆ ಅಂತ ಗೊತ್ತಾಗುತ್ತೆ. ಟ್ರ್ಯಾಕ್ಟರ್ ತೂಕ 2 ಟನ್ ಅಂತ ಇಟ್ಟುಕೊಳ್ಳಿ. ಬ್ರೇಕ್ ಇರೋದು ಹಿಂದಿನ ಎರಡು ದೊಡ್ಡ ಗಾಲಿಗೆ. ಅವು ರಸ್ತೆಯನ್ನು ಹಿಡಿದು ಕೊಡೋ ಬಲ ಸುಮಾರು 9,000 ನ್ಯೂಟನ್ (ನ್ಯೂಟನ್ ಅಂದರೆ ಬಲದ ಅಳತೆ). ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಖಾಲಿ ಟ್ರ್ಯಾಕ್ಟರ್ ಬರ್ತಾ ಇದ್ದರೆ, ಬ್ರೇಕ್ ಒತ್ತಿದ ಮೂರೂವರೆ ಮೀಟರಿಗೆ ನಿಲ್ಲುತ್ತೆ. ಹಿಂದೆ 10 ಟನ್ನಿನ ಟ್ರೇಲರ್ ಕಟ್ಟಿ. ಬ್ರೇಕ್ ಬಲ ಅದೇ 9,000, ತೂಕ 12 ಟನ್ ಆಯ್ತು. ಈಗ 20 ಮೀಟರ್ ಬೇಕು. ಎರಡು ಟ್ರೇಲರ್ ಕಟ್ಟಿದರೆ 38 ಮೀಟರ್. ಇದು ಸಮತಟ್ಟು ರಸ್ತೆಯ ಲೆಕ್ಕ.

ಇನ್ನು ನಾಲೆ ಸೇತುವೆಯ ಇಳಿಜಾರಿಗೆ ಬನ್ನಿ. 15 ಮೀಟರಿಗೆ 1 ಮೀಟರ್ ಇಳಿತ. ಡ್ರೈವರಣ್ಣ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡ್ತಾನೆ, ಗಾಲಿಗೆ ಇಂಜಿನ್ನಿನ ಹಿಡಿತ ತಪ್ಪುತ್ತೆ. ಎಷ್ಟು ಉಳೀತು? ಲೋಟದಷ್ಟೂ ಇಲ್ಲ! ಒಂದು ಟ್ರೇಲರ್ ಇದ್ದರೆ ಇಳಿಜಾರು 7,800 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತೆ. ಬ್ರೇಕಿನ 9,000ದಲ್ಲಿ ಉಳಿಯೋದು 1,200. ನಿಲ್ಲೋಕೆ 150 ಮೀಟರ್ ಬೇಕು. ಎರಡು ಟ್ರೇಲರ್ ಇದ್ದರೆ ಎಳೆತ 14,000 ದಾಟುತ್ತೆ. ಬ್ರೇಕಿನ ಮೇಲೆ ಎದ್ದು ನಿಂತರೂ ವೇಗ ಏರ್ತಾನೇ ಇರುತ್ತೆ. ಗಾಬರಿಯಿಂದ ಮತ್ತೆ ಗೇರ್ ಹಾಕೋಕೆ ಹೋದರೆ ಹಲ್ಲು ಕೂಡೋದಿಲ್ಲ, ಕರಕರ ಸದ್ದು ಮಾತ್ರ. ಹಿಂದಿನ ಗಾಲಿ ಜಾಮ್ ಆಗಿ ಜಾರಿದ ಕೂಡಲೇ ಪಕ್ಕಕ್ಕೆ ಜಾರದಂತೆ ತಡೆಯೋ ಅಡ್ಡಹಿಡಿತವೂ ಹೋಯ್ತು. ಕಬ್ಬು ಹಿಂದಿನಿಂದ ತಳ್ಳುತ್ತೆ, ಟ್ರ್ಯಾಕ್ಟರ್ ಮಡಚಿಕೊಂಡು ಟ್ರೇಲರಿಗೆ ಅಡ್ಡ ತಿರುಗುತ್ತೆ. "ಬ್ರೇಕ್ ಫೇಲ್ ಆಯ್ತು" ಅಂತಾರೆ ಆಮೇಲೆ. ಎಲ್ಲಿ ಫೇಲ್ ಆಯ್ತು ಸ್ವಾಮಿ? ಬ್ರೇಕ್ ಸರಿಯಾಗೇ ಇತ್ತು. ಅದು ಟ್ರ್ಯಾಕ್ಟರಿನ ಬ್ರೇಕು, ಕಬ್ಬಿನದಲ್ಲ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡ್ತೀನಿ. ಇಳಿಜಾರು ಶುರುವಾಗೋ ಮೊದಲೇ ಗೇರ್ ಇಳಿಸಿ. ಯಾವ ಗೇರಿನಲ್ಲಿ ಏರ್ತೀರೋ ಅದರಲ್ಲೇ ಇಳಿಯಿರಿ. ಕ್ಲಚ್ ಮುಟ್ಟಬೇಡಿ. ಹೊಲದಲ್ಲಿ ತಿರುಗಿಸೋಕೆ ಬಿಡಿಸಿಟ್ಟ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರೋ ಮುಂಚೆ ಚಿಲಕ ಹಾಕಿ ಜೋಡಿಸಿ. ಒಂದೇ ಪೆಡಲ್ ಒತ್ತಿದರೆ ಒಂದೇ ಗಾಲಿ ನಿಂತು ಗಾಡಿ ಆ ಕಡೆ ಎಳೆಯುತ್ತೆ. ಎರಡು ಟ್ರೇಲರನ್ನು ಇಳಿಜಾರಿನಲ್ಲಿ ಒಟ್ಟಿಗೆ ತರಬೇಡಿ, ಒಂದೊಂದಾಗಿ ಇಳಿಸಿ. ಕೈಯಲ್ಲಿ ದುಡ್ಡಿದ್ದರೆ ಟ್ರೇಲರಿನ ಗಾಲಿಗಳಿಗೇ ಬ್ರೇಕ್ ಹಾಕಿಸಿ. ಆಗ ಕಬ್ಬಿಗೂ ಬ್ರೇಕ್ ಬಂತು.

ಏರಿನಲ್ಲಿ ಕ್ಲಚ್ ದಡಕ್ಕನೆ ಬಿಟ್ಟರೆ ಮುಂದಿನ ಗಾಲಿ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ, ಕೊಕ್ಕೆ ಎತ್ತರಕ್ಕೆ ಸಿಕ್ಕಿಸಿದ್ದರಂತೂ ಇನ್ನೂ ಬೇಗ. ಅದಕ್ಕೆ ಟ್ರೇಲರನ್ನು ಯಾವಾಗಲೂ ಕೆಳಗಿನ ಕೊಕ್ಕೆಗೇ ಕಟ್ಟಿ, ಪಿನ್ನಿಗೆ ಲಾಕ್ ಹಾಕಿ, ಜೊತೆಗೊಂದು ಸರಪಳಿ ಬಿಗಿಯಿರಿ. ನಮಸ್ಕಾರ.